ಆ ಹಸಿರು ಮುಖಕ್ಕೆ ಟವೆಲ್ಲು ಹೊದಿಸಿದವಳು ನಾನೇ

ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ, ಏಳನೇ ಮಂಚದ ಮೇಲಿದ್ದ ಕ್ಯಾಮರಾಕ್ಕೆ ಟವೆಲ್ಲು ಹೊದಿಸಿ "ಉಪಕರಣದ ಕಾರ್ಯನಿರ್ವಹಣೆಗೆ ಉದ್ದೇಶಪೂರ್ವಕ ಅಡ್ಡಿ" ಮಾಡಿದ ಮುದುಕಿ ನಾನೇ. ಆ ದೊಡ್ಡ ದೊಡ್ಡ ಶಬ್ದಗಳು ನಿಮ್ಮ ಕಚೇರಿಯವು. ನನ್ನ ಮಗಳು ಎರಡು ಸಲ ಓದಿ ಹೇಳಿದ ಮೇಲೆ ಅರ್ಥವಾಯಿತು. ಉದ್ದೇಶಪೂರ್ವಕ ಅಂದಿರಲ್ಲ, ಅದೊಂದು ಮಾತು ಮಾತ್ರ ಸತ್ಯ. ಕೈ ತಪ್ಪಿ ಬಿದ್ದ ಟವೆಲ್ಲಲ್ಲ ಅದು. ಸ್ಟೂಲು ಎಳೆದುಕೊಂಡು, ಮಂಡಿ ನೋವಿನಲ್ಲೇ ಹತ್ತಿ, ನಾಲ್ಕೂ ಕಡೆ ಸರಿಯಾಗಿ ಇಳಿಬಿಟ್ಟು ಹೊದಿಸಿದ್ದು. ಅದಕ್ಕೆ ಶಿಕ್ಷೆಯಾಗಿ, ಮುಂದಿನ ವಾರ ನನ್ನ ಗಂಡನಿಗೆ ನೀವು ಮತ್ತೆ ಹೊಟ್ಟೆ ಕೊಯ್ಯುವಾಗ ನಾನು ಅವರ ಮಂಚದ ಪಕ್ಕ ಇರಬಾರದು ಎಂದು ಅಪ್ಪಣೆ ಮಾಡಿದ್ದೀರಿ. ಮಂಚದ ಪಕ್ಕ ಯಾರಿರುತ್ತಾರೆ ಹಾಗಾದರೆ? ಅದೇ ಕ್ಯಾಮರಾ. ಅದರ ಮೇಲೇ ನನ್ನ ದೂರು. ನಿಮಗೆ ಬರೆದ ಎರಡು ಕಾಗದಕ್ಕೆ ಉತ್ತರ ಬರಲಿಲ್ಲ. ಅದಕ್ಕೇ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ.

ನಾನು ಹಳ್ಳಿ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಕಾಗುಣಿತ ಮಗಳು ತಿದ್ದಿದ್ದಾಳೆ, ಮಾತು ತಿದ್ದಲು ನಾನು ಬಿಟ್ಟಿಲ್ಲ. "ಅಮ್ಮಾ, ಸ್ವಲ್ಪ ಮೆತ್ತಗೆ ಬರಿ. ಅಪ್ಪ ಇನ್ನೂ ಅವರ ಕೈಯಲ್ಲೇ ಇರೋದು" ಅಂತ ಅವಳು ಗೋಗರೆದಳು. ಯೋಚಿಸಿ ನೋಡಿ ಸ್ವಾಮಿ. ಆಸ್ಪತ್ರೆಗೆ ಸಿಟ್ಟಿನ ಕಾಗದ ಬರೆದರೆ ಅಪ್ಪನಿಗೆ ಏನಾಗುತ್ತದೋ ಅಂತ ಒಬ್ಬ ಮಗಳು ಹೆದರುತ್ತಾಳೆ ಅಂದರೆ, ಆ ಭಾವನೆಗೆ ನಿಮ್ಮ ಯಂತ್ರದಲ್ಲಿ ಯಾವ ಬಣ್ಣ ಇಟ್ಟಿದ್ದೀರಿ?

ಈಗ ಓದುವವರಿಗೆ ಗೊತ್ತಾಗಲಿ ಅಂತ ಆ ಯಂತ್ರದ ವಿಷಯ ಹೇಳುತ್ತೇನೆ. ಪ್ರತಿ ಮಂಚದ ತಲೆಯ ಮೇಲೆ ಒಂದು ಸಣ್ಣ ಕ್ಯಾಮರಾ. ಅದು ಮಲಗಿದವರ ಮುಖ ನೋಡುತ್ತಲೇ ಇರುತ್ತದೆ. ಅದರ ಕೆಳಗೆ ಅಂಗೈಯಗಲದ ಒಂದು ಪರದೆ, ಅದರಲ್ಲಿ ಮಕ್ಕಳ ಪುಸ್ತಕದಲ್ಲಿರುವಂಥ ಒಂದು ಗುಂಡು ಮುಖ. ರೋಗಿಗೆ ಸುಖವಾಗಿದ್ದರೆ ಹಸಿರಾಗಿ ನಗುತ್ತದೆ. ಬೇಜಾರಾದರೆ ಹಳದಿ ಬಣ್ಣಕ್ಕೆ ತಿರುಗಿ ಬಾಯಿ ನೆಟ್ಟಗೆ ಮಾಡುತ್ತದೆ. ನೋವೋ ಭಯವೋ ಇದ್ದರೆ ಕೆಂಪಾಗಿ ತುಟಿ ಕೆಳಗಿಳಿಸುತ್ತದೆ. ವಾರ್ಡಿನ ಬಾಗಿಲಲ್ಲಿ ಸಿಸ್ಟರುಗಳು ಕೂರುವ ಕಡೆ ಗೋಡೆಯ ಮೇಲೆ ಇನ್ನೊಂದು ದೊಡ್ಡ ಪರದೆ ಇದೆ. ಎಲ್ಲ ಮಂಚಗಳ ಮುಖಗಳೂ ಅಲ್ಲಿ ಸಾಲಾಗಿ ಕೂತಿರುತ್ತವೆ, ಕೆಂಪು ಮುಖಗಳು ಮೇಲಿನ ಸಾಲಿನಲ್ಲಿ, ಹಸಿರು ಮುಖಗಳು ಕೆಳಗಿನ ಸಾಲಿನಲ್ಲಿ. ಸಿಸ್ಟರುಗಳು ಯಾರನ್ನು ಮೊದಲು ನೋಡಬೇಕು, ಯಾರನ್ನು ಕೊನೆಗೆ ನೋಡಬೇಕು ಅನ್ನುವುದನ್ನು ಆ ಗೋಡೆಯೇ ಹೇಳುತ್ತದೆ. ಪಕ್ಕದಲ್ಲಿ "ನಿಮ್ಮ ಭಾವನೆ, ನಮ್ಮ ಕಾಳಜಿ" ಅಂತ ಫ್ರೇಮು ಹಾಕಿಸಿದ್ದೀರಿ. ಫ್ರೇಮು ಚೆನ್ನಾಗಿದೆ. ಫ್ರೇಮಿನ ವಿಷಯ ನನಗೆ ಸ್ವಲ್ಪ ಗೊತ್ತು, ಯಾಕೆಂದರೆ ನನ್ನ ಗಂಡ ಫೋಟೋಗ್ರಾಫರು.

ಇದನ್ನು ನೀವು ಗಮನವಿಟ್ಟು ಓದಬೇಕು. ನಮ್ಮವರು ಸರ್ಕಲ್ ಪಕ್ಕದ ಗಲ್ಲಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಜನ್ಮವನ್ನೇ ಅದರಲ್ಲಿ ಕಳೆದವರು. ಊರಿಗೆಲ್ಲ ಫೋಟೋ ಮಾಮ. ಅವರ ಕೆಲಸದ ಕ್ರಮ ಹೇಗೆಂದರೆ, ಎದುರಿಗೆ ಕೂತವರಿಗೆ "ನಗಿ ನಗಿ" ಅಂತ ಬಾಯಲ್ಲಿ ಹೇಳುತ್ತಿರಲಿಲ್ಲ. ಕ್ಯಾಮರಾದ ಪಕ್ಕ ನಿಂತು ಮೊದಲು ತಾವೇ ನಗುತ್ತಿದ್ದರು. ಒಳ್ಳೇ ಬೆಳ್ಳಗೆ, ಕಣ್ಣಿನ ತುದಿಯವರೆಗೂ ಹೋಗುವ ನಗು. ಅದನ್ನು ನೋಡಿ ಎದುರಿನವರ ಮುಖ ತಾನಾಗಿಯೇ ಅರಳುತ್ತಿತ್ತು. ಆಗ ಒಂದು ಕ್ಲಿಕ್ಕು. "ನಾನು ನಕ್ಕರೆ ತಾನೇ ಅವರು ನಗೋದು" ಅನ್ನುತ್ತಿದ್ದರು. ಹಲ್ಲು ನೋವಿರಲಿ, ಜ್ವರವಿರಲಿ, ಬೆಳಿಗ್ಗೆ ನನ್ನ ಹತ್ತಿರ ಜಗಳವಾಡಿ ತಿಂಡಿ ಬಿಟ್ಟು ಹೋಗಿರಲಿ, ಲೆನ್ಸು ಕಂಡ ಕೂಡಲೇ ಆ ಮುಖ ಸಿದ್ಧ. ನನ್ನ ನಾದಿನಿ ಒಮ್ಮೆ ಹೇಳಿದ್ದಳು, "ಅತ್ತಿಗೆ, ಅಣ್ಣನ ಹತ್ರ ಏನಾದ್ರೂ ಕೇಳೋದಿದ್ರೆ ಸ್ಟುಡಿಯೋಗೆ ಹೋಗಿ ಕೇಳ್ಬೇಕು, ಮನೇಲಿ ಆ ಮುಖ ಎಲ್ಲಿ ಸಿಗುತ್ತೆ!" ಅಂಗಡಿ ಮುಚ್ಚಿದರೂ ಆ ಮುಖ ರಿಟೈರ್ ಆಗಲಿಲ್ಲ. ಈಗಲೂ ಯಾರಾದರೂ ಮೊಬೈಲು ಎತ್ತಿದರೆ ಸಾಕು, ನಮ್ಮವರ ಮುಖಕ್ಕೆ ಸ್ವಿಚ್ಚು ಹಾಕಿದ ಹಾಗೆ.

ಇಂಥ ಮನುಷ್ಯನ ತಲೆಯ ಮೇಲೆ ನೀವು ಹಗಲಿರುಳೂ ಮುಚ್ಚದ ಒಂದು ಲೆನ್ಸು ತಂದು ಇಟ್ಟಿರಿ.

ಕರುಳಿನಲ್ಲಿ ಗಂಟು ಅಂತ ಅವರನ್ನು ಸೇರಿಸಿದ ದಿನ, ಆ ಯಂತ್ರ ಮಾಡಿದ ಕಂಪನಿಯವರೊಬ್ಬರು ವಾರ್ಡಿಗೆ ಬಂದಿದ್ದರು. ಟೈ ಕಟ್ಟಿಕೊಂಡ, ಮಾತು ಚೆನ್ನಾಗಿ ಬಲ್ಲ ಮನುಷ್ಯ. ನಮ್ಮವರಿಗೆ ಖುಷಿಯೋ ಖುಷಿ. ಆ ಲೆನ್ಸು ಎಷ್ಟರದು, ಕತ್ತಲಲ್ಲಿ ಹೇಗೆ ಹಿಡಿಯುತ್ತೆ ಅಂತ ಅವರ ತಲೆ ತಿಂದರು. "ಇದಕ್ಕೆ ಮುಖ ನೋಡಿ ಮನಸ್ಸು ತಿಳಿಯೋದು ಹೇಗಪ್ಪಾ ಗೊತ್ತಾಯ್ತು?" ಅಂತ ನಾನು ಕೇಳಿದೆ. "ಲಕ್ಷಾಂತರ ಫೋಟೋ ನೋಡಿ ಕಲ್ತಿದೆ ಅಜ್ಜಿ. ಯಾವ ಮುಖ ಸಂತೋಷ, ಯಾವ ಮುಖ ದುಃಖ ಅಂತ ನಮಗಿಂತ ಚೆನ್ನಾಗಿ ಹೇಳುತ್ತೆ" ಅಂದರು. ಫೋಟೋ ನೋಡಿ ಕಲಿತಿದೆಯಂತೆ! ನಾನು ನಮ್ಮವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಗೋಡೆಯ ಮೇಲೆ ಆಗಲೂ ಹಸಿರೇ ಬಂದಿರಬೇಕು, ಅದೊಂದು ಸಲ ಅದು ನಿಜವನ್ನೇ ಹೇಳಿರಬೇಕು.

ನಾವು ನಕ್ಕಿದ್ದು ಯಾಕೆಂದು ನಿಮಗೂ ಹೇಳುತ್ತೇನೆ. ನಮ್ಮ ಸ್ಟುಡಿಯೋದಲ್ಲಿ ಒಂದು ಬಟ್ಟೆಯ ಪರದೆ ಇತ್ತು, ಅದರ ಹಿಂದೆ ಕನ್ನಡಿ, ಬಾಚಣಿಗೆ, ಪೌಡರು. ಹೆಂಗಸರಿಗೆ ಸೆರಗು ಸರಿ ಮಾಡುವುದು, ಕೂದಲು ಒತ್ತುವುದು ನನ್ನ ಪಾಲಿನ ಕೆಲಸ. ಒಂದು ಸಲ ಹೊಸದಾಗಿ ಮದುವೆಯಾದ ಒಬ್ಬ ಹುಡುಗಿ ಬಂದಳು. ಗಂಡ ಹೊರಗೆ ಕುರ್ಚಿಯಲ್ಲಿ ಕೂತು ಕಾಲು ಕುಣಿಸುತ್ತಿದ್ದ. ಪರದೆಯ ಹಿಂದೆ ಅವಳು ನನ್ನ ಹೆಗಲ ಮೇಲೆ ಮುಖವಿಟ್ಟು ಅತ್ತ ಅಳು ನನಗೆ ಇವತ್ತಿಗೂ ಮರೆತಿಲ್ಲ. "ನಂಗೆ ಅವ್ರ ಜೊತೆ ಹೋಗೋಕೆ ಭಯ ಆಗುತ್ತೆ ಅಕ್ಕಾ" ಅಂದಳು. ಮೂಗು ಒರೆಸಿ, ಪೌಡರು ಹಚ್ಚಿ ಹೊರಗೆ ಕರೆತಂದೆ. ದೀಪದ ಎದುರು ಕೂತಳು. ನಮ್ಮವರು ನಕ್ಕರು. ಅವಳೂ ನಕ್ಕಳು. ಅಂಥ ಚೆಂದದ ಫೋಟೋ ನಮ್ಮ ಸ್ಟುಡಿಯೋದಲ್ಲಿ ಇನ್ನೊಂದು ಬರಲಿಲ್ಲ. ಎಷ್ಟೋ ವರ್ಷ ಅದು ಅಂಗಡಿ ಮುಂದಿನ ಗಾಜಿನಲ್ಲಿತ್ತು. ನೋಡಿದವರೆಲ್ಲ "ಎಂಥಾ ಪುಣ್ಯವಂತೆ" ಅನ್ನುತ್ತಿದ್ದರು. ನಿಮ್ಮ ಯಂತ್ರಕ್ಕೆ ತೋರಿಸಿದರೆ ಅದೂ ಹಾಗೇ ಅನ್ನುತ್ತದೆ. ಹೇಳಿ ಮಾನ್ಯರೇ, ಲಕ್ಷಾಂತರ ಫೋಟೋದಲ್ಲಿ ಇಂಥವು ಎಷ್ಟಿವೆ? ಊರೂರಿನ ಫೋಟೋ ಮಾಮಂದಿರು ನಗಿಸಿ ತೆಗೆದ ಮುಖಗಳನ್ನು ಒಟ್ಟು ಹಾಕಿ, ಅದರಿಂದ ಮನುಷ್ಯನ ಒಳಗನ್ನು ಕಲಿಯಲು ಕೂರಿಸಿದ್ದೀರಲ್ಲ, ಪರದೆಯ ಹಿಂದೆ ಏನಿತ್ತು ಅಂತ ಅದಕ್ಕೆ ಯಾರು ಹೇಳಿಕೊಡಬೇಕು?

ಇರಲಿ. ಆಪರೇಷನ್ ಆಯಿತು. ಗಂಟು ತೆಗೆದು ಕರುಳು ಹೊಲಿದರು. ಮೂರು ದಿನ ಚೆನ್ನಾಗಿಯೇ ಇದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಹೊಟ್ಟೆ ಬಿಗಿದುಕೊಂಡಿತು. ಹಣೆಯಲ್ಲಿ ಬೆವರು. ಬಲಗೈಯಲ್ಲಿ ಹಾಸಿಗೆಯ ಬಟ್ಟೆ ಮುದ್ದೆ ಮಾಡಿ ಹಿಡಿದಿದ್ದಾರೆ. ನಾನು ಬಗ್ಗಿ "ಏನ್ರೀ ಆಗ್ತಿದೆ?" ಅಂದೆ.

"ಒಳಗೆ ಯಾರೋ ಹಿಂಡ್ತಿದಾರೆ ಕಣೇ. ತಡ್ಕೊಳೋಕೆ ಆಗ್ತಿಲ್ಲ" ಅಂದರು. ಅಂದವರು ನನ್ನ ಭುಜದ ಮೇಲಿಂದ ಆ ಲೆನ್ಸು ನೋಡಿ, ನಿಮ್ಮ ಮೇಲಾಣೆ, ನಕ್ಕರು.

"ಯಾಕ್ರೀ ನಗ್ತೀರಿ, ನೋವು ಅಂತೀರಿ!"

"ಅದು ನೋಡ್ತಾ ಇದೆ ಕಣೇ... ನೀನೂ ಹಾಗೆ ಮುಖ ಗಂಟು ಹಾಕ್ಕೊಂಡು ನಿಂತ್ಕೋಬೇಡ, ಈ ಕಡೆ ಬಾ" ಅಂದರು. ಫ್ರೇಮಿನಿಂದ ನನ್ನನ್ನು ಸರಿಸುತ್ತಿದ್ದಾರೆ, ಪುಣ್ಯಾತ್ಮ! ಜೀವ ಹೋಗುತ್ತಿರುವಾಗಲೂ ಫೋಟೋ ಕೆಡಬಾರದು ಅನ್ನುವ ಮನುಷ್ಯ. ಬೇರೆ ಯಾರಿಗಾದರೂ ಹೇಳಿದರೆ ಹುಚ್ಚು ಅಂದುಕೊಳ್ಳುತ್ತಾರೆ. ಆದರೆ ಅದು ಅವರ ಕೈಲಿರುವ ಮಾತಲ್ಲ. ನಿಮಗೆ ಯಾರಾದರೂ ಮೇಲಿನವರು ಕಂಡರೆ ಎದ್ದು ನಿಲ್ಲುತ್ತೀರಲ್ಲ, ಅದನ್ನು ಯೋಚಿಸಿ ಮಾಡುತ್ತೀರಾ?

ಸಿಸ್ಟರ್ ಹತ್ತಿರ ಹೋದೆ. ಪಾಪ, ಅವಳನ್ನು ಬೈಯುವುದಿಲ್ಲ, ಒಬ್ಬಳೇ ಇಡೀ ವಾರ್ಡು ನೋಡುತ್ತಿದ್ದಳು. ತಲೆ ಎತ್ತಿ ಗೋಡೆ ನೋಡಿ, "ಏಳನೇ ಬೆಡ್ಡಾ? ತಾತ ಆರಾಮಾಗಿದಾರೆ ನೋಡಿ ಅಜ್ಜಿ, ಹಸಿರಿದೆ. ಕೆಂಪು ಇರೋರ್ನ ನೋಡ್ಕೊಂಡು ಬರ್ತೀನಿ" ಅಂದಳು. "ಅವರಿಗೆ ನೋವಂತೆ ಕಣಮ್ಮಾ, ಬಾಯಲ್ಲೇ ಹೇಳಿದ್ರು" ಅಂದೆ. "ಆಪರೇಷನ್ ಆದ್ಮೇಲೆ ಸ್ವಲ್ಪ ಇರುತ್ತೆ ಅಜ್ಜಿ" ಅಂದಳು. ಮತ್ತೆ ಹೋದೆ. ಅವಳು ಎದ್ದು ಬಂದಳು ಕೂಡ. ಬಂದವಳು ಮಂಚದ ಪಕ್ಕ ನಿಂತು ಮೊದಲು ಆ ಸಣ್ಣ ಪರದೆಯನ್ನೇ ನೋಡಿದಳು. ಪರದೆಯಲ್ಲಿ ಗುಂಡು ಮುಖ ಹಸಿರಾಗಿ ನಗುತ್ತಿತ್ತು, ಕೆಳಗೆ ನನ್ನ ಗಂಡ ಬೆಳ್ಳಗೆ ನಗುತ್ತಿದ್ದರು. "ನೋಡಿ, ನಗ್ತಾ ಇದಾರೆ!" ಅಂತ ನನ್ನ ಬೆನ್ನು ತಟ್ಟಿ ಹೋದಳು. ನಾಡಿ ಸ್ವಲ್ಪ ಜೋರಿದೆ ಅಂತ ಬೆಳಿಗ್ಗೆ ಬರೆದುಕೊಂಡಿದ್ದವಳೂ ಅವಳೇ. ಆದರೆ "ತಾತ, ನೋವಿದೆಯಾ?" ಅಂತ ಎರಡು ಶಬ್ದ ಕೇಳಲಿಲ್ಲ. ಯಾಕೆ ಕೇಳಬೇಕು? ಉತ್ತರ ಆಗಲೇ ಬಣ್ಣ ಹಚ್ಚಿಕೊಂಡು ಕೂತಿತ್ತಲ್ಲ.

ಇನ್ನು ನನ್ನ ಮುಖದ ಕಥೆ ಕೇಳಿ. ಮಧ್ಯಾಹ್ನದ ಹೊತ್ತಿಗೆ ಸೆಕ್ಯುರಿಟಿಯವರು ಬಂದರು. "ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ. ನಿಮ್ಮ ಮುಖ ಬೆಡ್ ಹತ್ರ ಬಂದಾಗೆಲ್ಲ ಗೋಡೇಲಿ ಯಜಮಾನರ ಹಸಿರಿನ ಪಕ್ಕ ಇನ್ನೊಂದು ಕೆಂಪು ಮುಖ ಬರ್ತಿದೆ. ಜೊತೆಗಿರೋರಿಗೆ ಕೋಪ ಅಂತ ತೋರಿಸ್ತಿದೆ."

"ನನ್ನ ಮುಖ ಹುಟ್ಟಿದಾಗಿಂದ ಹೀಗೇ ಇರೋದು ಕಣಪ್ಪಾ" ಅಂದೆ. "ನನ್ನ ಮದುವೆ ಫೋಟೋದಲ್ಲೂ ಹೀಗೇ ಇದೀನಿ. ಪಕ್ಕ ನಿಂತೋರನ್ನೇ ಕೇಳು, ಇಲ್ಲೇ ಮಲಗಿದಾರೆ."

ಆ ಮನುಷ್ಯನಿಗೆ ನಗು ಬಂತು. ಆದರೂ "ರೂಲ್ಸು ಅಮ್ಮಾ" ಅಂದರು. ನೋಡಿ ನಿಮ್ಮ ಯಂತ್ರದ ಜಾಣತನ. ಕರುಳು ಒಡೆಯುತ್ತಿರುವ ಮನುಷ್ಯ ಸುಖಿ, ಅವನ ಹೆಂಡತಿ ಅಪಾಯ. ಅವನ ಹತ್ತಿರ ಡಾಕ್ಟರ್ ಬರುವುದಿಲ್ಲ, ಅವಳ ಹತ್ತಿರ ಸೆಕ್ಯುರಿಟಿ ಬರುತ್ತಾರೆ. ಬರುವುದೇ ಆದರೆ ಆ ಕೆಂಪು ನೋಡಿ "ಈ ಮುದುಕಿ ಯಾಕೆ ಕೋಪ ಮಾಡ್ಕೊಂಡಿದಾಳೆ" ಅಂತ ಕೇಳಲು ಯಾರಾದರೂ ಬರಬಾರದಿತ್ತೆ? ಇಡೀ ವಾರ್ಡಿನಲ್ಲಿ ಅವರ ಸ್ಥಿತಿಯನ್ನು ಸರಿಯಾಗಿ ತೋರಿಸುತ್ತಿದ್ದ ಮುಖ ಅವತ್ತು ನನ್ನದೊಂದೇ. ಅದನ್ನು ವರಾಂಡದ ಬೆಂಚಿನ ಮೇಲೆ ಕೂರಿಸಿದಿರಿ.

ಬೆಂಚಿನ ಮೇಲೆ ಕೂತು ಕೂತು, ಸಂಜೆ ಸೂರ್ಯ ಕಿಟಕಿಯಿಂದ ಇಳಿಯುವ ಹೊತ್ತಿಗೆ, ಸೆಕ್ಯುರಿಟಿಯವರು ಚಹಾ ಕುಡಿಯಲು ಹೋದಾಗ ಒಳಗೆ ಹೋದೆ. ನಮ್ಮವರ ತುಟಿ ಬೆಳ್ಳಗಾಗಿತ್ತು. ಆ ನಗು ಇನ್ನೂ ಅಲ್ಲೇ ಇತ್ತು, ಯಾರೋ ಮರೆತು ಬಿಟ್ಟು ಹೋದ ಹಾಗೆ. ಆಗ ನನಗೆ ಹೊಳೆಯಿತು. ಬೆಳಿಗ್ಗೆ ಮೈ ಒರೆಸಿದ್ದ ಟವೆಲ್ಲು ಮಂಚದ ಕಂಬಿಯ ಮೇಲಿತ್ತು. ಸ್ಟೂಲು ಹತ್ತಿ ಕ್ಯಾಮರಾಕ್ಕೆ ಹೊದಿಸಿದೆ. "ಸ್ಟುಡಿಯೋ ಮುಚ್ಚಿದೆ ಕಣ್ರೀ" ಅಂದೆ.

ಅಷ್ಟೇ. ಮುಖ ಕುಸಿದು ಬಿತ್ತು. ಮಗುವಿನ ಹಾಗೆ ಬಾಯಿ ಬಿಟ್ಟು ಅತ್ತರು. ನನ್ನ ಮದುವೆಯಾದ ಮೇಲೆ ಆ ಮನುಷ್ಯ ಅತ್ತಿದ್ದನ್ನು ನಾನು ನೋಡಿದ್ದು ಅವರ ತಾಯಿ ಹೋದಾಗ ಒಂದು ಸಲ, ಅವತ್ತು ಒಂದು ಸಲ.

ಟವೆಲ್ಲು ಕ್ಯಾಮರಾದ ಮೇಲೆ ಬಿದ್ದ ಕೂಡಲೇ ಗೋಡೆಯಲ್ಲಿ ಏಳನೇ ಮುಖ ಬೂದಿ ಬಣ್ಣಕ್ಕೆ ತಿರುಗಿ ಕುಯ್ಯೋ ಅಂತ ಕೂಗಿಕೊಂಡಿತಂತೆ. ರೋಗಿಗೆ ನೋವಾದರೆ ಕೂಗದ್ದು, ತನ್ನ ಕಣ್ಣು ಮುಚ್ಚಿದರೆ ಕೂಗಿತು! ಸಿಸ್ಟರ್ ಓಡಿ ಬಂದಳು, ಸೆಕ್ಯುರಿಟಿಯವರು ಓಡಿ ಬಂದರು, ಡ್ಯೂಟಿ ಡಾಕ್ಟರಮ್ಮನೂ ಬಂದರು. ಎಲ್ಲರೂ ಬಂದಿದ್ದು ಟವೆಲ್ಲು ತೆಗೆಯಲು. ಬಂದವರ ಕಣ್ಣಿಗೆ ಕೆಳಗಿದ್ದ ಮುಖ ಬಿತ್ತು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಕೈ ಇಟ್ಟರು, ಹಲಗೆಯ ಹಾಗಿತ್ತು. ಆಮೇಲೆ ಆಗಿದ್ದೆಲ್ಲ ಓಟ. ಸ್ಟ್ರೆಚರು ತಳ್ಳಿಕೊಂಡು ಹೋಗುವಾಗ ಡಾಕ್ಟರಮ್ಮ ನನ್ನ ಕಡೆ ತಿರುಗಿ ಕೇಳಿದರು, "ಅಮ್ಮಾ, ಬೆಳಿಗ್ಗೇನೇ ಯಾಕೆ ಹೇಳ್ಲಿಲ್ಲ?"

ಅದೇ ಮಾತನ್ನು ಇವತ್ತು ನಿಮ್ಮನ್ನು ಕೇಳುತ್ತೇನೆ. ಯಾಕೆ ಹೇಳಲಿಲ್ಲ ನಾನು?

ಕರುಳಿನ ಹೊಲಿಗೆ ಬಿಟ್ಟು ಒಳಗಿನ ಹೊಲಸು ಹೊಟ್ಟೆಗೆಲ್ಲ ಸೋರಿತ್ತಂತೆ. ಹೊಲಿಗೆ ಬಿಟ್ಟುಕೊಳ್ಳುವುದು ಯಾರ ತಪ್ಪೂ ಅಲ್ಲ, ಕೆಲವರಿಗೆ ಹಾಗಾಗುತ್ತದೆ ಅಂತ ಆಮೇಲೆ ಡಾಕ್ಟರಮ್ಮ ಹೇಳಿದರು. ನಂಬುತ್ತೇನೆ. ಹೊಲಿದ ಕೈಯ ಮೇಲೆ ನನ್ನ ದೂರಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ವಿಷವನ್ನು ಹೊಟ್ಟೆಯಲ್ಲಿಟ್ಟುಕೊಂಡು ನಗುವಂತೆ ಮಾಡಿದ್ದರ ಮೇಲೆ ದೂರು. ಜೀವ ಉಳಿಯಿತು. ಹೊಟ್ಟೆಯ ಮೇಲೆ ಮಲ ಬೀಳುವ ಒಂದು ಚೀಲ ಬಂತು. ನಾನೇ ತೊಳೆದು ಬದಲಾಯಿಸುತ್ತೇನೆ, ಅದಕ್ಕೆ ನನಗೆ ಅಸಹ್ಯವಿಲ್ಲ. ನಾಚಿಕೆ ಅವರಿಗೆ. ನೆಂಟರು ಬಂದರೆ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ, ಊರಿನ ಮುಖವನ್ನೆಲ್ಲ ನಗಿಸಿದ ಫೋಟೋ ಮಾಮ.

ಇಷ್ಟಾದ ಮೇಲೆ ನಿಮ್ಮ ಕಚೇರಿ ಏನು ಹೇಳಿತು? "ದಾಖಲೆಯ ಪ್ರಕಾರ ಸದರಿ ರೋಗಿಯು ಇಡೀ ದಿನ ಸಮಾಧಾನಕರ ಭಾವದಲ್ಲಿದ್ದರು." ಸದರಿ ರೋಗಿ ಬದುಕಿದ್ದಾರೆ, ಬಾಯಿ ಇದೆ, ಮಾತು ಬರುತ್ತದೆ. ಅವರನ್ನು ಕೇಳಬಹುದಿತ್ತು. ತನ್ನ ಹೊಟ್ಟೆಯಲ್ಲಿ ಏನಾಯಿತು ಅನ್ನುವುದಕ್ಕೆ ಆ ಮನುಷ್ಯ ಸಾಕ್ಷಿಯಲ್ಲ, ಗೋಡೆಯ ಮೇಲಿನ ಬೊಂಬೆ ಸಾಕ್ಷಿ. ಇದು ಯಾವ ಊರಿನ ನ್ಯಾಯ ಸ್ವಾಮಿ? ಅವರು ಅವತ್ತು ಸತ್ತಿದ್ದರೆ ನಗುನಗುತ್ತಾ ಸತ್ತರು ಅಂತ ಬರೆಯುತ್ತಿದ್ದಿರೇನೋ!

ಯಂತ್ರವೇ ಬೇಡ, ಒಡೆದು ಹಾಕಿ ಅಂತ ನಾನು ಹೇಳುತ್ತಿಲ್ಲ. ಅಷ್ಟು ಮೂರ್ಖಳಲ್ಲ. ಪಕ್ಕದ ಮಂಚದಲ್ಲಿ ಗಂಟಲಿಗೆ ಕೊಳವೆ ಹಾಕಿದ್ದ ಒಬ್ಬರಿದ್ದರು, ಮಾತು ಆಡಲಾಗದು. ಅವರ ಮುಖ ಕೆಂಪಾದಾಗ ಸಿಸ್ಟರ್ ಓಡಿ ಬಂದಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ, ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ಬಾಯಿಲ್ಲದವರಿಗೆ ಅದು ಬಾಯಾಗಲಿ, ಸಂತೋಷ. ಬಾಯಿದ್ದವರ ಬಾಯಿ ಮುಚ್ಚಿಸಲು ಅದನ್ನು ತಂದಿರಾ? ಕೆಂಪು ಯಾರನ್ನಾದರೂ ಕರೆಯಲಿ. ಹಸಿರು ಯಾರನ್ನೂ ತಡೆಯಬಾರದು. ಇಷ್ಟು ಸಣ್ಣ ಮಾತು ತಿಳಿಯಲು ಎಷ್ಟನೇ ಇಯತ್ತೆ ಓದಬೇಕು?

ಮುಂದಿನ ವಾರ ಕರುಳು ಮತ್ತೆ ಸೇರಿಸಿ ಆ ಚೀಲ ತೆಗೆಯುತ್ತೀರಂತೆ. ಅಂದರೆ ಮತ್ತೆ ಅದೇ ಹೊಲಿಗೆ, ಅದೇ ವಾರ್ಡು, ಅದೇ ಲೆನ್ಸು. ಬೇರೆ ಆಸ್ಪತ್ರೆ ಈ ಸುತ್ತಮುತ್ತ ಇಲ್ಲ. ನಿನ್ನೆ ನಮ್ಮವರು ಕನ್ನಡಿ ಮುಂದೆ ನಿಂತಿದ್ದರು. "ಒಂದು ಸಲ ಕಟಿಂಗ್ ಮಾಡಿಸ್ಕೊಂಡು ಬರ್ಲೇನೇ? ಅಲ್ಲಿ ಮತ್ತೆ ಆ ಕ್ಯಾಮರಾ ಇರುತ್ತಲ್ಲ" ಅಂದರು. ತಮಾಷೆಗೆ ಅಂದರೋ, ನಿಜಕ್ಕೂ ಅಂದರೋ ನನಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಆ ಮುಖ ನೋಡಿ ಗೊತ್ತಾಗಲಿಲ್ಲ, ಮಾನ್ಯರೇ. ಕೇಳಿದೆ. "ಭಯ ಆಗ್ತಿದೆಯಾ?" ಅಂತ. ಕನ್ನಡಿಯ ಮೂಲೆಯ ಧೂಳನ್ನು ಬೆರಳಲ್ಲಿ ಒರೆಸುತ್ತಾ ನಿಂತವರು, ಆಮೇಲೆ "ಹೂಂ" ಅಂದರು. ಒಬ್ಬ ಮನುಷ್ಯನ ಭಾವನೆ ತಿಳಿಯಲು ನನಗೆ ಬೇಕಾಗಿದ್ದು ಅಷ್ಟೇ. ಕೇಳುವುದು, ಆಮೇಲೆ ಸ್ವಲ್ಪ ಹೊತ್ತು ಕಾಯುವುದು. ಕರೆಂಟು ಕೂಡ ಬೇಕಾಗಲಿಲ್ಲ.

ಆದ್ದರಿಂದ ಇದು ನನ್ನ ಬೇಡಿಕೆ. ಬಿನ್ನಹವಲ್ಲ, ಬೇಡಿಕೆ. ಹಸಿರಿರಲಿ ಕೆಂಪಿರಲಿ, ಪ್ರತಿ ಪಾಳಿಯಲ್ಲೂ ಒಬ್ಬರು ಪ್ರತಿ ಮಂಚದ ಹತ್ತಿರ ಬಂದು, ಪರದೆಗೆ ಬೆನ್ನು ಹಾಕಿ ನಿಂತು, ರೋಗಿಯನ್ನು ಬಾಯಿಬಿಟ್ಟು ಕೇಳಬೇಕು. ಅದಕ್ಕೆ ಇನ್ನೊಬ್ಬ ಸಿಸ್ಟರ್ ಬೇಕಾದರೆ ನೇಮಿಸಿ, ಇರುವ ಒಬ್ಬಳ ಬೆನ್ನು ಮುರಿಯಬೇಡಿ. ರೋಗಿ ಒಂದು ಹೇಳಿ ಗೋಡೆ ಇನ್ನೊಂದು ಹೇಳಿದರೆ ರೋಗಿಯ ಮಾತೇ ನಡೆಯಬೇಕು. ದಾಖಲೆಯಲ್ಲಿ ಆ ದಿನದ "ಸಮಾಧಾನಕರ ಭಾವ" ಹೊಡೆದು ಹಾಕಿ, ನೋವಿತ್ತು, ಹೆಂಡತಿ ಬಂದು ಹೇಳಿದಳು, ನಾವು ಕೇಳಲಿಲ್ಲ ಅಂತ ಬರೆಯಬೇಕು. ಏಳನೇ ಮಂಚವೋ ಎಷ್ಟನೆಯದೋ, ನಮ್ಮವರನ್ನು ಮಲಗಿಸುವ ಕಡೆ ಆ ಲೆನ್ಸು ಮುಚ್ಚಿರಬೇಕು. ಮತ್ತು ಅವರ ಪಕ್ಕದ ಸ್ಟೂಲಿನ ಮೇಲೆ ನಾನಿರಬೇಕು, ಇದೇ ಮುಖ ಇಟ್ಟುಕೊಂಡು.

ನೀವು ಇದಕ್ಕೆ ಒಪ್ಪಿದರೆ ನಿಮ್ಮ ಆಸ್ಪತ್ರೆಗೆ ನಾನು ಬರಿಗೈಯಲ್ಲಿ ಬರುತ್ತೇನೆ. ಒಪ್ಪದಿದ್ದರೂ ಬರುತ್ತೇನೆ. ಆ ಟವೆಲ್ಲು ಒಗೆದು, ಒಣಗಿಸಿ, ಮಡಚಿ ಕೈಚೀಲದಲ್ಲಿಟ್ಟಿದ್ದೇನೆ. ಬಾಗಿಲಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಿ.

ಇಂತಿ,
ನಿಮ್ಮ ಗೋಡೆಯ ಮೇಲೆ ಅಪಾಯವೆಂದು ಕೆಂಪಗೆ ಉರಿದವಳು,
ತನ್ನ ಮದುವೆಯ ಫೋಟೋದಲ್ಲೂ ನಗದವಳು,
ಏಳನೇ ಮಂಚದವರ ಹೆಂಡತಿ